ಫೋಟೋದಲ್ಲಿ ಕಣ್ಣು ಕೆಂಪಾದ ಕಥೆ

ಫ್ಲ್ಯಾಶ್ ಹಾಕಿದ ಫೋಟೋದಲ್ಲಿ ಕಣ್ಣು ಕೆಂಪಾಗಿ ಬಂದರೆ ಏನು ಮಾಡಬೇಕು? ಕ್ಯಾಮೆರಾ ನೋಡಬೇಡಿ ಅನ್ನುತ್ತಾರೆ ಒಬ್ಬರು. ರೂಮಿನ ಲೈಟೆಲ್ಲ ಹಾಕಿ ಅನ್ನುತ್ತಾರೆ ಇನ್ನೊಬ್ಬರು. ಆಪ್‌ನಲ್ಲಿ ಸರಿ ಮಾಡಿದರಾಯ್ತು ಬಿಡಿ ಅನ್ನುವವರೂ ಇದ್ದಾರೆ. ಯಾವುದೂ ತಪ್ಪಲ್ಲ, ಆದರೆ ಒಂದೊಂದು ಒಂದೊಂದು ಕಾಲದ ಉಪಾಯ.

ಕತ್ತಲಲ್ಲಿ ಕಣ್ಣಿನ ಪಾಪೆ ಅಗಲವಾಗಿ ತೆರೆದಿರುತ್ತದೆ. ಫ್ಲ್ಯಾಶ್ ಬೆಳಕು ಒಳಗೆ ನುಗ್ಗಿ, ಹಿಂಬದಿಯ ರಕ್ತ ತುಂಬಿದ ಪದರಕ್ಕೆ ಬಡಿದು, ಬಂದ ದಾರಿಯಲ್ಲೇ ವಾಪಸ್ ಹೊರಡುತ್ತದೆ. ಆ ದಾರಿಯ ಪಕ್ಕದಲ್ಲೇ ಲೆನ್ಸ್ ಇದ್ದರೆ ಕೆಂಪು ಸಿಕ್ಕಿಬಿತ್ತು. ಫ್ಲ್ಯಾಶನ್ನು ಲೆನ್ಸಿನಿಂದ ಸ್ವಲ್ಪ ದೂರ ಹಿಡಿದರೆ ಸಾಕು, ವಾಪಸ್ ಬರುವ ಆ ಬೆಳಕು ಲೆನ್ಸಿಗೆ ಸಿಗುವುದಿಲ್ಲ.

1887ರಲ್ಲಿ ಜರ್ಮನಿಯಲ್ಲಿ ಮೆಗ್ನೀಸಿಯಂ ಫ್ಲ್ಯಾಶ್ ಪುಡಿ ಬಂದಾಗಿನಿಂದ ಫ್ಲ್ಯಾಶ್ ಬಲ್ಬಿನ ಕಾಲದವರೆಗೂ ಇದು ಯಾರ ತಲೆನೋವೂ ಆಗಿರಲಿಲ್ಲ. ಬೆಳಕು ಲೆನ್ಸಿನಿಂದ ದೂರವಿತ್ತು, ಫೋಟೋಗಳೂ ಹೆಚ್ಚಾಗಿ ಕಪ್ಪು ಬಿಳುಪೇ.

ಆಮೇಲೆ ಕ್ಯಾಮೆರಾ ಜೇಬಿಗೆ ಇಳಿಯಿತು. 1965ರಲ್ಲಿ ಕೊಡಾಕ್‌ನ ಇನ್‌ಸ್ಟಾಮ್ಯಾಟಿಕ್ ಎಂಬ ಪುಟ್ಟ ಕ್ಯಾಮೆರಾ ಮೇಲೆ ಫ್ಲ್ಯಾಶ್‌ಕ್ಯೂಬ್, ಅಂದರೆ ನಾಲ್ಕು ಬಲ್ಬ್‌ಗಳ ಚೌಕ ಡಬ್ಬಿ, ಕೂತಿತು. 1972ರಲ್ಲಿ ಇನ್ನೂ ಚಪ್ಪಟೆಯಾದ, 110 ಎಂಬ ಸಣ್ಣ ಫಿಲ್ಮ್ ಹಾಕುವ ಪಾಕೆಟ್ ಮಾದರಿ ಬಂತು. ಮನೆಮನೆಯ ಕ್ಯಾಮೆರಾದಲ್ಲೂ ಬಣ್ಣದ ಫಿಲ್ಮ್. ಈಗ ಕೆಂಪು ಕಣ್ಣು ಶುರು. ಕ್ಯೂಬನ್ನು ಮೇಲೆತ್ತಲು ಪ್ಲಾಸ್ಟಿಕ್ ಕಂಬದಂಥ ಎಕ್ಸ್‌ಟೆಂಡರ್ ಮಾರಿದರು. ನಂತರ ಬಂದ ಫ್ಲಿಪ್‌ಫ್ಲ್ಯಾಶ್ ನನಗೆ ತುಂಬ ಇಷ್ಟ. ಉದ್ದನೆಯ ಪಟ್ಟಿಯಲ್ಲಿ ಸಾಲಾಗಿ ಬಲ್ಬ್‌ಗಳು. ಲೆನ್ಸಿನಿಂದ ದೂರದ ಮೇಲಿನ ಅರ್ಧ ಮಾತ್ರ ಉರಿಯುತ್ತಿತ್ತು. ಅದು ಮುಗಿದ ಮೇಲೆ ಪಟ್ಟಿಯನ್ನು ತಲೆಕೆಳಗು ಮಾಡಿ ಸಿಕ್ಕಿಸಬೇಕು, ಆಗ ಉಳಿದರ್ಧ ಮೇಲೆ ಬರುತ್ತದೆ. ಸಮಸ್ಯೆಯ ಬುಡಕ್ಕೇ ಕೈ ಹಾಕಿದ ಉಪಾಯ ಅಲ್ವಾ?

ಆದರೆ ಫ್ಲ್ಯಾಶ್ ಕ್ಯಾಮೆರಾದೊಳಗೇ ಸೇರಿಕೊಂಡ ಮೇಲೆ ಅದನ್ನು ದೂರ ಒಯ್ಯುವ ಮಾತೇ ಇಲ್ಲ. ಕ್ಯಾಮೆರಾ ಬದಲು ಕಣ್ಣನ್ನು ಸರಿ ಮಾಡಲು ಹೊರಟರು. 'ರೆಡ್ ಐ ರಿಡಕ್ಷನ್' ಅಂದರೆ ಅದೇ: ಮೊದಲು ಸಣ್ಣ ಮಿಂಚು, ಪಾಪೆ ಕುಗ್ಗಲಿ ಎಂದು. ಆಮೇಲೆ ನಿಜವಾದ ಫ್ಲ್ಯಾಶ್. ಮೊದಲ ಮಿಂಚಿಗೇ ಫೋಟೋ ಆಯ್ತು ಅಂದುಕೊಂಡು ಜನ ನಗು ಇಳಿಸುತ್ತಿದ್ದರು, ಮಕ್ಕಳು ಓಡಿಬಿಡುತ್ತಿದ್ದರು. ಅತ್ತ ಮದುವೆ ಫೋಟೋಗ್ರಾಫರ್‌ಗಳಿಗೆ ಇಷ್ಟು ತಾಪತ್ರಯ ಇರಲಿಲ್ಲ. ಫ್ಲ್ಯಾಶನ್ನು ಛಾವಣಿಗೆ ತಿರುಗಿಸಿ ಬೆಳಕನ್ನು ಬೌನ್ಸ್ ಮಾಡುತ್ತಿದ್ದರು, ಇಲ್ಲವೇ ಪಕ್ಕದಲ್ಲಿ ಲೈಟ್ ಹಿಡಿದು ನಿಲ್ಲಲು ಒಬ್ಬ ಹುಡುಗ ಇದ್ದೇ ಇರುತ್ತಿದ್ದ.

ಡಿಜಿಟಲ್ ಬಂದ ಮೇಲೆ ಫೋಟೋವನ್ನೇ ತಿದ್ದುವುದು ರೂಢಿಯಾಯಿತು. ಸಾಫ್ಟ್‌ವೇರ್ ಕೆಂಪು ಹುಡುಕಿ ಕಪ್ಪು ಬಳಿಯುತ್ತದೆ. ಒರಟಾಗಿ ಬಳಿದರೆ ಕಣ್ಣಲ್ಲಿ ಹೊಳೆಯುವ ಬಿಳಿ ಚುಕ್ಕೆಯೂ ಅಳಿಸಿಹೋಗಿ, ಕಣ್ಣು ಗೊಂಬೆಯದರಂತೆ ಕಾಣುತ್ತದೆ. ಪೋರ್ಟ್ರೇಟ್‌ಗೆ ಜೀವ ಕೊಡುವುದೇ ಆ ಪುಟ್ಟ ಬಿಳಿ ಚುಕ್ಕೆ. ನಾಯಿ, ಬೆಕ್ಕಿನ ಕಣ್ಣು ಹಸಿರೋ ಹಳದಿಯೋ ಹೊಳೆಯುತ್ತದೆ, ಕೆಂಪನ್ನೇ ಹುಡುಕುವ ಸಾಫ್ಟ್‌ವೇರ್‌ಗೆ ಅದು ಕಾಣುವುದೇ ಇಲ್ಲ. ಒಂದು ವಿಷಯ ಮಾತ್ರ ಸುಮ್ನೆ ಬಿಡುವಂಥದ್ದಲ್ಲ: ಮಗುವಿನ ಫೋಟೋಗಳಲ್ಲಿ ಪಾಪೆ ಪದೇ ಪದೇ ಬಿಳಿಯಾಗಿ ಬಂದರೆ ಕಣ್ಣಿನ ಡಾಕ್ಟರಿಗೆ ತೋರಿಸಬೇಕು. ಅದು ಬರೀ ಬೆಳಕು ಬಿದ್ದ ಕೋನದ ಆಟ ಇರಬಹುದು, ರೆಟಿನೋಬ್ಲಾಸ್ಟೋಮಾ ಎಂಬ ಕ್ಯಾನ್ಸರಿನ ಗುರುತೂ ಇರಬಹುದು.

ಈಗ ಫೋನುಗಳು ಮಂದ ಬೆಳಕಿನಲ್ಲೂ ಫ್ಲ್ಯಾಶ್ ಇಲ್ಲದೆ ನಿಭಾಯಿಸುತ್ತವೆ. ಫ್ಲ್ಯಾಶ್ ಬೇಕೇ ಬೇಕಾದರೆ ಮಾತ್ರ ಹಳೇ ಕಥೆಯೇ: ಅದು ಲೆನ್ಸಿನ ಮಗ್ಗುಲಲ್ಲೇ ಇದೆ. ಪಕ್ಕದಲ್ಲಿರುವವರ ಫೋನಿನ ಟಾರ್ಚ್ ಆನ್ ಮಾಡಿಸಿ, ಒಂದು ಬದಿಯಿಂದ ಸ್ವಲ್ಪ ಎತ್ತರಕ್ಕೆ ಹಿಡಿಯಲು ಹೇಳಿ, ನಿಮ್ಮ ಫ್ಲ್ಯಾಶ್ ಆಫ್ ಮಾಡಿ ತೆಗೆದು ನೋಡಿ.