‘ಕಾರ್ಪಸ್ ಅಂತ ಬರೆಸ್ಕೊಳ್ಳಿ’ ಅಂತ ಹೇಳಿದ್ದು ಯಾರು?

ಮಾರ್ಚ್ ಬಂತೆಂದರೆ ಆಡಿಟರ್ ಆದ ನನ್ನ ಆಫೀಸಿಗೆ ಒಂದು ಬಗೆಯ ಪತ್ರಗಳು ಬರತೊಡಗುತ್ತವೆ. ಯಾವುದೋ ಮಠದ ಸೇವಾ ಟ್ರಸ್ಟು ಅಥವಾ ದೇವಸ್ಥಾನದ ಧರ್ಮಾರ್ಥ ಟ್ರಸ್ಟು ಊರಿನ ವೃದ್ಧಾಶ್ರಮಕ್ಕೋ, ಕಿವುಡು ಮಕ್ಕಳ ಶಾಲೆಗೋ ಎರಡು ಲಕ್ಷ, ಐದು ಲಕ್ಷ ಕೊಟ್ಟಿರುತ್ತದೆ. ಪತ್ರದ ಕೊನೆಗೆ ಒಂದು ಸಾಲು: ‘ಸದರಿ ಮೊತ್ತವನ್ನು ತಮ್ಮ ಸಂಸ್ಥೆಯ ಕಾರ್ಪಸ್ ಫಂಡಿಗೆ ನೀಡಲಾಗಿದೆ.’ ಕಾರ್ಪಸ್ ಅಂದರೆ ಮೂಲನಿಧಿ, ಅಸಲು ಮುಟ್ಟದೆ ಬಡ್ಡಿ ಮಾತ್ರ ಬಳಸುವ ದುಡ್ಡು. ಆ ಸಾಲು ಓದಿದ ಕೂಡಲೇ ನನಗೆ ತಲೆನೋವು ಶುರು.

ಯಾಕೆ ಹೀಗೆ ಬರೆಸಿಕೊಂಡಿರಿ ಅಂತ ದುಡ್ಡು ಪಡೆದ ಸಂಸ್ಥೆಯವರನ್ನು ಕೇಳಿದರೆ ಎಲ್ಲರದೂ ಒಂದೇ ಉತ್ತರ. ‘ಕಾರ್ಪಸ್ ಅಂದ್ರೆ ಟ್ಯಾಕ್ಸ್ ಬರಲ್ವಂತೆ ಸಾರ್, ಯಾರೋ ಹೇಳಿದ್ರು.’ ಆ ‘ಯಾರೋ’ ಯಾರು ಅನ್ನೋದು ಇವತ್ತಿನವರೆಗೂ ಪತ್ತೆಯಾಗಿಲ್ಲ. ಸಿಕ್ಕರೆ ಕೂರಿಸಿ ಕಾಫಿ ಕೊಟ್ಟು ನಾಲ್ಕು ಮಾತಾಡಬೇಕು ಅಂತಿದೆ.

ದೊಡ್ಡ ಸಂಸ್ಥೆಗಳ ವಿಷಯ ಬಿಡಿ. ಸುತ್ತೂರು ಮಠ 1954ರಲ್ಲೇ ಜೆಎಸ್‌ಎಸ್ ಮಹಾವಿದ್ಯಾಪೀಠ ಕಟ್ಟಿತು. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ 1982ರಲ್ಲಿ ಶುರುವಾಯಿತು. ಅಂಥವರ ಬಳಿ ಲೆಕ್ಕ ನೋಡಲು ಜನರ ಪಡೆಯೇ ಇದೆ. ನಾನು ಹೇಳುತ್ತಿರುವುದು ನಡುವಿನವರ ಬಗ್ಗೆ. ಜಿಲ್ಲಾ ಮಟ್ಟದ ಮಠ, ಚೆನ್ನಾಗಿ ನಡೆಯುವ ದೇವಸ್ಥಾನ, ಜೈನ ಟ್ರಸ್ಟು, ಚರ್ಚಿನ ಸೊಸೈಟಿ, ಇಂಥವು. ತಾವೇ ಆಶ್ರಮ ನಡೆಸುವ ಶಕ್ತಿ ಇಲ್ಲ, ಆದರೆ ನಡೆಸುವವರಿಗೆ ವರ್ಷವರ್ಷ ತಪ್ಪದೆ ಕೊಡುತ್ತಾರೆ. ಎಷ್ಟೋ ಕಡೆ ಹಿಂದಿನ ಸ್ವಾಮಿಗಳ ಕಾಲದಿಂದ ಬಂದ ರೂಢಿ. ಆರಾಧನೆಯ ದಿನ ವೇದಿಕೆಗೆ ಕರೆದು, ಶಾಲು ಹೊದೆಸಿ, ಹಣ್ಣಿನ ತಟ್ಟೆಯ ಮೇಲೆ ಚೆಕ್ ಇಟ್ಟು ಕೊಡುತ್ತಾರೆ. ಫೋಟೊ ಆಗುತ್ತದೆ. ಪತ್ರವನ್ನು ಮಾತ್ರ ಯಾರೂ ಓದುವುದಿಲ್ಲ. ಮಠದ ಗುಮಾಸ್ತರು ಕಂಪ್ಯೂಟರಿನ ‘ನುಡಿ’ ತಂತ್ರಾಂಶದಲ್ಲಿ ಹೋದ ವರ್ಷದ ಪತ್ರ ತೆಗೆದು, ತಾರೀಖು ಬದಲಾಯಿಸಿ, ಪ್ರಿಂಟ್ ಹಾಕಿರುತ್ತಾರೆ. ಹೋದ ವರ್ಷ ಕಾರ್ಪಸ್ ಇದ್ದರೆ ಈ ವರ್ಷವೂ ಕಾರ್ಪಸ್!

ಕಾರ್ಪಸ್ ಅಂದರೆ ಏನು ಅಂತ ಮಠದವರಿಗೆ ನಾನು ಹೇಳಿಕೊಡಬೇಕಾಗಿಯೇ ಇಲ್ಲ. ಅವರ ಕೌಂಟರಿನಲ್ಲೇ ಶಾಶ್ವತ ಪೂಜೆಯ ರಸೀದಿ ಹರಿಯುತ್ತಾರೆ. ಭಕ್ತರು ಒಮ್ಮೆ ದುಡ್ಡು ಕಟ್ಟುತ್ತಾರೆ. ಅದು ಬ್ಯಾಂಕಿನಲ್ಲಿ ಇರುತ್ತದೆ. ಬಡ್ಡಿಯಲ್ಲಿ ಪ್ರತಿ ವರ್ಷ ಅವರ ಹೆಸರಿನಲ್ಲಿ ಪೂಜೆ. ಅಸಲಿಗೆ ಕೈ ಹಾಕುವ ಹಾಗಿಲ್ಲ. ಕಾರ್ಪಸ್ ಅಂದರೂ ಅಷ್ಟೇ. ಹೀಗಿರುವಾಗ ಮಕ್ಕಳ ಊಟಕ್ಕೆ, ಆಯಾಗಳ ಸಂಬಳಕ್ಕೆ ಅಂತ ಕೇಳಿ ಪಡೆದ ದುಡ್ಡನ್ನು ಕಾರ್ಪಸ್ ಅಂತ ಬರೆಸಿಕೊಂಡರೆ ಏನರ್ಥ? ಊಟಕ್ಕೆ ಬಂದ ದುಡ್ಡಿಗೆ ನೀವೇ ಬೀಗ ಹಾಕಿದ ಹಾಗಾಯಿತು.

ಕೊಟ್ಟವರ ಕಡೆಯಿಂದ ನೋಡೋಣ. ಟ್ರಸ್ಟಿನ ವರ್ಷದ ಆದಾಯದಲ್ಲಿ ಶೇಕಡ 85 ಭಾಗ ಧರ್ಮಕಾರ್ಯಕ್ಕೆ ಖರ್ಚಾಗಬೇಕು. ಆಗ ತೆರಿಗೆ ಇಲ್ಲ. ತನ್ನ ಆದಾಯದಿಂದ ಇನ್ನೊಂದು ನೋಂದಾಯಿತ ಟ್ರಸ್ಟಿಗೆ ಕಾರ್ಪಸ್ ಅಂತ ಕೊಟ್ಟರೆ ಅದು ಈ ಖರ್ಚಿನ ಲೆಕ್ಕಕ್ಕೆ ಸೇರುವುದೇ ಇಲ್ಲ. 2017ರ ಹಣಕಾಸು ಕಾಯ್ದೆಯಲ್ಲೇ ಬಂದ ನಿಯಮ ಇದು. ಐದು ಲಕ್ಷ ಕೊಟ್ಟರೂ ಲೆಕ್ಕಕ್ಕೆ ಸೊನ್ನೆ. ಅಂದರೆ ನಿಮಗೆ ಉಪಕಾರ ಮಾಡಲು ಹೋದ ಮಠಕ್ಕೆ ನೀವೇ ತೆರಿಗೆಯ ಹೊರೆ ಹೊರಿಸುವ ಸಾಧ್ಯತೆ ಇದೆ. ಆ ವರ್ಷ ಮಠದ ಬೇರೆ ಖರ್ಚು ಸಾಕಷ್ಟಿದ್ದರೆ ಏನೂ ಆಗದೆ ಇರಬಹುದು. ಅದು ಅದೃಷ್ಟ ಅಷ್ಟೇ.

ಈಗ ಪಡೆದವರ ಕಡೆ. ಕಾರ್ಪಸ್ ದುಡ್ಡು ಆದಾಯಕ್ಕೆ ಸೇರುವುದಿಲ್ಲ, ನಿಜ. ಆ ‘ಯಾರೋ’ ಹೇಳಿದ್ದರಲ್ಲಿ ಇಷ್ಟು ಮಾತ್ರ ಸರಿ. ಆದರೆ ಆದಾಯ ತೆರಿಗೆ ಕಾಯ್ದೆಗೆ 2021ರಲ್ಲಿ ತಿದ್ದುಪಡಿ ಆದ ಮೇಲೆ ಅದನ್ನು ಕಾಯ್ದೆ ಹೇಳಿದ ಹೂಡಿಕೆಗಳಲ್ಲೇ, ಕಾರ್ಪಸ್‌ಗೆಂದೇ ಬೇರೆಯಾಗಿ ಇಡಬೇಕು. ತೆಗೆದು ಖರ್ಚು ಮಾಡಿದರೆ ಆ ಖರ್ಚು ಲೆಕ್ಕಕ್ಕೆ ಬರುವುದಿಲ್ಲ. ಮುಂದೆ ಆದಾಯದಿಂದ ವಾಪಸ್ ತುಂಬಿದಾಗ, ಅದೂ ಐದು ವರ್ಷದೊಳಗೆ ತುಂಬಿದರೆ, ಆಗ ಪರಿಗಣಿಸುತ್ತಾರೆ. ವಾಪಸ್ ತುಂಬುವಷ್ಟು ಆದಾಯ ನಿಮಗೆ ಇದ್ದಿದ್ದರೆ ಮಠದ ಬಾಗಿಲಿಗೆ ಹೋಗುತ್ತಿದ್ದಿರಾ?

ಇನ್ನು ಕಾರ್ಪಸ್ ಅಂತ ಬರೆಸದೆ ಸುಮ್ನೆ ತೆಗೆದುಕೊಂಡಿದ್ದರೆ? ಅದು ನಿಮ್ಮ ಆದಾಯ. ವರ್ಷದೊಳಗೆ ಊಟಕ್ಕೆ, ಸಂಬಳಕ್ಕೆ, ಔಷಧಿಗೆ ಖರ್ಚಾಗುತ್ತದೆ. ಶೇಕಡ 85 ದಾಟಿದ ಮೇಲೆ ತೆರಿಗೆ ಎಲ್ಲಿಂದ ಬರಬೇಕು? ಖರ್ಚಾಗಿ ಹೋಗುವ ದುಡ್ಡಿಗೆ ಟ್ಯಾಕ್ಸ್ ಇಲ್ಲ. ಮತ್ತೊಮ್ಮೆ ಹೇಳುತ್ತೇನೆ. ನೋಂದಣಿ ಸರಿಯಾಗಿದ್ದು, ರಿಟರ್ನ್ ಮತ್ತು ಆಡಿಟ್ ವರದಿ ಸಮಯಕ್ಕೆ ಹೋದರೆ, ಒಳ್ಳೆಯ ಕೆಲಸಕ್ಕೆ ಖರ್ಚಾಗಿ ಹೋಗುವ ದುಡ್ಡಿಗೆ ಟ್ಯಾಕ್ಸ್ ಇಲ್ಲ. ಇಲ್ಲದ ಭೂತಕ್ಕೆ ಹೆದರಿ ನೀವು ಬೀಗ ಹಾಕಿಸಿಕೊಳ್ಳುತ್ತಿದ್ದೀರಿ.

ನನ್ನ ಬಳಿ ಬರುವ ಒಬ್ಬ ನಿವೃತ್ತ ಮೇಷ್ಟ್ರು ವಿಶೇಷ ಮಕ್ಕಳ ವಸತಿ ಶಾಲೆ ನಡೆಸುತ್ತಾರೆ. ಪೆನ್ಶನ್ನಿನಲ್ಲಿ ಅರ್ಧ ಅದಕ್ಕೇ ಹೋಗುತ್ತದೆ. ಅವರೂ ಒಮ್ಮೆ ಹೀಗೆ ಬರೆಸಿಕೊಂಡು ನಗುನಗುತ್ತಾ ಬಂದರು. ಮೂರು ತಿಂಗಳಿಂದ ದಿನಸಿ ಅಂಗಡಿ ಬಾಕಿ, ಅಡುಗೆಯವರ ಸಂಬಳ ಬಾಕಿ. ‘ಮೇಷ್ಟ್ರೇ, ಈ ದುಡ್ಡು ಮುಟ್ಟೋ ಹಾಗಿಲ್ಲ, ಎಫ್‌ಡಿ ಮಾಡಿ’ ಅಂದೆ. ಅವರ ಮುಖ ನೋಡಲಾಗಲಿಲ್ಲ. ‘ಹಾಗಾದ್ರೆ ಮಕ್ಕಳಿಗೆ ಎಫ್‌ಡಿ ಬಾಂಡನ್ನ ಬೇಯಿಸಿ ಹಾಕ್ಲಾ?’ ಅಂದರು. ಸಿಟ್ಟು ನ್ಯಾಯವಾದದ್ದೇ. ಮಠಕ್ಕೆ ಹೋಗಿ ಹಳೇ ತಾರೀಖು ಹಾಕಿದ ಬೇರೆ ಪತ್ರ ತರುತ್ತೇನೆ ಅಂತ ಹೊರಟರು. ತಡೆದೆ. ಅಂಥ ಪತ್ರ ಸುಳ್ಳು ದಾಖಲೆ. ಮಠದ ಪುಸ್ತಕದಲ್ಲಿ, ಬ್ಯಾಂಕಿನಲ್ಲಿ, ದಾನದ ಸ್ಟೇಟ್‌ಮೆಂಟಿನಲ್ಲಿ ಹಳೆಯದೇ ಉಳಿದಿರುತ್ತದೆ. ದಾನ ಪಡೆದವರು ಮೇ 31ರೊಳಗೆ ಹಾಕುತ್ತಿದ್ದ ಆ ಸ್ಟೇಟ್‌ಮೆಂಟಿನಲ್ಲಿ, ಅಂದರೆ 10ಬಿಡಿ ಫಾರಂನಲ್ಲಿ, ದಾನದ ಬಗೆ ಅಂತಲೇ ಒಂದು ಕಾಲಂ ಇತ್ತು. ಕೊಟ್ಟವರು ಒಂದು ಬರೆದು, ಪಡೆದವರು ಇನ್ನೊಂದು ತುಂಬಿದರೆ ಪ್ರಶ್ನೆ ಇಬ್ಬರಿಗೂ ಬರುತ್ತದೆ. ಕೊನೆಗೆ ಹಳೇ ವಿದ್ಯಾರ್ಥಿಗಳಿಂದ ಚಂದಾ ಎತ್ತಿ ಅಂಗಡಿ ಬಾಕಿ ತೀರಿಸಿದರು. ಐದು ಲಕ್ಷ ಬ್ಯಾಂಕಿನಲ್ಲಿ ಕೂತಿತ್ತು.

ಇನ್ನು ಕೆಲವರು ಎಲ್ಲ ರಸೀದಿಗೂ ‘ಮೂಲನಿಧಿಗೆ’ ಅಂತ ರಬ್ಬರ್ ಸ್ಟಾಂಪ್ ಹೊಡೆಯುತ್ತಾರೆ. ಅದರಿಂದ ಏನೂ ಆಗುವುದಿಲ್ಲ. ಕಾರ್ಪಸ್ ಅಂತ ಸ್ಪಷ್ಟವಾಗಿ ಹೇಳಬೇಕಾದವರು ಕೊಡುವವರು. ಪಡೆಯುವವರ ಸೀಲಿಗೆ ಬೆಲೆ ಇಲ್ಲ.

ಮಠದವರಿಗೂ ಒಂದು ಮಾತು. ಸಾಮಾನ್ಯ ದಾನವಾಗಿ ಕೊಟ್ಟರೂ ಈಗ ಪೂರ್ತಿ ಲೆಕ್ಕಕ್ಕೆ ಸಿಗುವುದಿಲ್ಲ. 2023ರ ಹಣಕಾಸು ಕಾಯ್ದೆ ಬಂದ ಮೇಲೆ, ಇನ್ನೊಂದು ಟ್ರಸ್ಟಿಗೆ ಕೊಟ್ಟ ನೂರು ರೂಪಾಯಿಯಲ್ಲಿ 85 ಮಾತ್ರ ಖರ್ಚು. ಕಾರಣ ಇದೆ. ಪ್ರತಿ ಟ್ರಸ್ಟೂ ಶೇಕಡ 15 ಉಳಿಸಿಕೊಳ್ಳಬಹುದು. ಒಂದರಿಂದ ಒಂದಕ್ಕೆ ದಾಟಿಸುತ್ತಾ ಹೋದರೆ ನೂರು 85 ಆಗುತ್ತದೆ, ಆಮೇಲೆ 72, ಆಮೇಲೆ 61. ಬಡವರ ತಟ್ಟೆಗೆ ಬೀಳುವುದು ಕಡಿಮೆಯಾಗುತ್ತಾ ಹೋಗುತ್ತದೆ. ಅದನ್ನು ತಡೆಯಲು ಈ ನಿಯಮ. ಉಳಿದ 15 ರೂಪಾಯಿಯನ್ನು ಮತ್ತೆ ಎಲ್ಲಾದರೂ ಹೂಡಿಕೆ ಮಾಡಿ ತೋರಿಸಬೇಕಿಲ್ಲ ಅಂತ 2024ರ ಮಾರ್ಚ್‌ನಲ್ಲಿ ಕೇಂದ್ರ ನೇರ ತೆರಿಗೆ ಮಂಡಳಿ (ಸಿಬಿಡಿಟಿ) ಸುತ್ತೋಲೆ ಹೊರಡಿಸಿದೆ. ಆದ್ದರಿಂದ ಗಾಬರಿ ಬೇಡ. ಕೆಲವು ಟ್ರಸ್ಟುಗಳು ಈಗ ದುಡ್ಡಿನ ಬದಲು ತಾವೇ ಗಾಲಿಕುರ್ಚಿ ಕೊಂಡು ಹಂಚುತ್ತವೆ, ಮಕ್ಕಳ ಫೀಸು ನೇರವಾಗಿ ಕಟ್ಟುತ್ತವೆ. ಅದು ಅವರದೇ ಖರ್ಚು. ಟ್ರಸ್ಟ್ ಡೀಡಿನ ಉದ್ದೇಶಕ್ಕೆ ಹೊಂದಬೇಕು, ಬಿಲ್ಲು ಅವರ ಹೆಸರಿನಲ್ಲಿರಬೇಕು ಅಷ್ಟೇ. ವಿದೇಶದಿಂದ ಬಂದ ದೇಣಿಗೆಯ ಮಾತು ಮಾತ್ರ ಬೇರೆ. ವಿದೇಶಿ ದೇಣಿಗೆ ಕಾಯ್ದೆಗೆ 2020ರಲ್ಲಿ ತಿದ್ದುಪಡಿ ಆದ ನಂತರ ಅದನ್ನು ಇನ್ನೊಂದು ಸಂಸ್ಥೆಗೆ ದಾಟಿಸುವ ಹಾಗೇ ಇಲ್ಲ.

ಮಾರ್ಚ್ 28ಕ್ಕೆ ಚೆಕ್ ಬಂದರೆ ಮೂರು ದಿನದಲ್ಲಿ ಹೇಗೆ ಖರ್ಚು ಮಾಡೋದು ಸಾರ್, ಅದಕ್ಕೇ ಕಾರ್ಪಸ್, ಅನ್ನುವವರಿದ್ದಾರೆ. ಈ ಪ್ರಶ್ನೆಯಲ್ಲಿ ಮಾತ್ರ ಹುರುಳಿದೆ. ಆದರೆ ಅದಕ್ಕೆ ಬೇರೆ ದಾರಿ ಇದೆ. ಮುಂದಿನ ವರ್ಷ ಖರ್ಚು ಮಾಡುತ್ತೇವೆ ಅಂತ 9ಎ ಫಾರಂ, ಇಂಥ ಉದ್ದೇಶಕ್ಕೆ ಐದು ವರ್ಷದವರೆಗೆ ಕೂಡಿಡುತ್ತೇವೆ ಅಂತ 10ನೇ ಫಾರಂ. ಗಡುವಿಗೆ ಮೊದಲೇ ಆಡಿಟರಿಗೆ ಹೇಳಿ. ಅಕ್ಟೋಬರಿನಲ್ಲಿ ಬಂದು ‘ಏನಾದ್ರೂ ಮಾಡಿ ಸಾರ್’ ಅಂದರೆ ನಾನು ಮಾಡುವುದು ಜಾಸ್ತಿ ಏನೂ ಇರುವುದಿಲ್ಲ.

ನಿಜವಾಗಿಯೂ ಶಾಶ್ವತ ನಿಧಿ ಕಟ್ಟಬೇಕು ಅನ್ನುವವರು ಧಾರಾಳವಾಗಿ ಕಾರ್ಪಸ್ ಕೇಳಿ. ಅದನ್ನು ಭಕ್ತರಿಂದ, ಊರ ದಾನಿಗಳಿಂದ ಕೇಳುವುದು ಲೇಸು. ಇನ್ನೊಂದು ಟ್ರಸ್ಟಿನ ವರ್ಷದ ಆದಾಯದಿಂದಲ್ಲ.

ಅಂದಹಾಗೆ, 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಅನ್ವಯ. ಸೆಕ್ಷನ್ನು, ಫಾರಂಗಳ ನಂಬರ್ ಬೇರೆ. ಎಲ್ಲರ ಫೈಲಿನಲ್ಲಿ ಹಳೆಯವೇ ಇರುವುದರಿಂದ ಇಲ್ಲಿ ಅವನ್ನೇ ಬಳಸಿದ್ದೇನೆ. ನಿಮ್ಮ ಟ್ರಸ್ಟಿನ ಸಂಗತಿಯನ್ನು ನಿಮ್ಮ ಆಡಿಟರ್ ಹತ್ತಿರ ಕೇಳಿಯೇ ಮುಂದುವರಿಯಿರಿ. ಅಂಕಣ ಓದಿ ರಿಟರ್ನ್ ಹಾಕಬೇಡಿ.

ಮಠದ ಗುಮಾಸ್ತರಿಗೆ ಈ ಸಲ ಕೊಡಬೇಕಾದ ಒಕ್ಕಣೆ ಇಷ್ಟು: ‘ತಮ್ಮ ಸಂಸ್ಥೆಯ ಮಕ್ಕಳ ಊಟ, ಸಿಬ್ಬಂದಿ ಸಂಬಳ ಹಾಗೂ ಔಷಧಿ ವೆಚ್ಚಕ್ಕಾಗಿ ಈ ಮೊತ್ತವನ್ನು ನೀಡಲಾಗಿದೆ. ಇದು ಮೂಲನಿಧಿಗೆ ನೀಡಿದ ದೇಣಿಗೆಯಲ್ಲ.’ ಕೆಳಗೆ ಎರಡೂ ಟ್ರಸ್ಟುಗಳ 12ಎಬಿ (ಆದಾಯ ತೆರಿಗೆ ಇಲಾಖೆಯ) ನೋಂದಣಿ ಸಂಖ್ಯೆ, ಪ್ಯಾನ್, ನೋಂದಣಿ ಎಲ್ಲಿಯವರೆಗೆ ಊರ್ಜಿತ ಅನ್ನೋದು ಇರಲಿ. ದಾನಿಗೆ ತೆರಿಗೆ ರಿಯಾಯಿತಿ ಕೊಡಿಸುವ 80ಜಿ ಸರ್ಟಿಫಿಕೇಟ್ ಕಟ್ಟುಗಟ್ಟಲೆ ಕಳಿಸುವುದು ಬೇಡ, ಮಠದ ಟ್ರಸ್ಟಿಗೆ ಅದರಿಂದ ಉಪಯೋಗವಿಲ್ಲ. ಮತ್ತೆ, ಸಮಾರಂಭಕ್ಕೆ ಒಂದು ವಾರ ಮೊದಲೇ ಕರಡನ್ನು ವಾಟ್ಸಾಪ್‌ನಲ್ಲಿ ನಿಮ್ಮ ಆಡಿಟರಿಗೆ ಕಳಿಸಿ. ಓದಲು ಎರಡು ನಿಮಿಷ ಸಾಕು.