ಬೋಟಿನ ಇಂಜಿನ್ ಸದ್ದಿನಲ್ಲೂ ಮಾತು ಕೇಳಬೇಕಾದರೆ: ಹೆಡ್‌ಸೆಟ್ ಮೈಕಿನ ಹಿಂದಿನ ತೂತು

ಮಲ್ಪೆಯ ಟ್ರಾಲ್ ಬೋಟಿನಲ್ಲಿ ತಾಂಡೇಲ (ಬೋಟು ನಡೆಸುವವ) ಮುಂದೆ ವೀಲಿನ ಹತ್ತಿರ, ಕಲಾಸಿಗಳು (ಕೆಲಸಗಾರರು) ಹಿಂದೆ ಬಲೆಯ ಹತ್ತಿರ, ನಡುವೆ ಡೀಸೆಲ್ ಇಂಜಿನ್. ನಾಲ್ಕು ಜನಕ್ಕೆ ವೈರ್‌ಲೆಸ್ ಇಂಟರ್‌ಕಾಮ್, ಅಂದರೆ ತಮ್ಮತಮ್ಮಲ್ಲಿ ಮಾತಾಡುವ ಹೆಡ್‌ಸೆಟ್, ನಾವೇ ಕಟ್ಟಬೇಕು. ಇಯರ್‌ಮಫ್, ಬ್ಯಾಟರಿ, ಸ್ಪೀಕರ್ ಆಂಪ್ಲಿಫೈಯರ್ ಗೊತ್ತಿರುವುದೇ, ಬಿಟ್ಟಿದ್ದೇನೆ. ತಲೆ ಕೆಡಿಸುವುದು ಮೈಕು.

ಸದ್ದು ತಡೆಯುವ ಮೈಕಿಗೆ ಮುಂದೊಂದು, ಹಿಂದೊಂದು ತೂತು. ಒಳಗಿನ ಪರದೆ ಎರಡೂ ಕಡೆಯ ಒತ್ತಡದ ವ್ಯತ್ಯಾಸಕ್ಕೆ ಮಾತ್ರ ಅಲುಗುತ್ತದೆ. ದೂರದ ಇಂಜಿನ್ ಸದ್ದು ಎರಡೂ ತೂತಿಗೆ ಹೆಚ್ಚುಕಡಿಮೆ ಸಮನಾಗಿ ಬಂದು ಕಳೆದುಹೋಗುತ್ತದೆ. ಮಾತು ಯಾಕೆ ಕಳೆದುಹೋಗುವುದಿಲ್ಲ? ಎಲ್ಲರೂ ಎಡವುವುದು ಇಲ್ಲೇ, ಲೆಕ್ಕ ಹಾಕಿಯೇ ನೋಡಿ.

ಬಾಯಿ ಹತ್ತಿರವಿದ್ದಾಗ ಒತ್ತಡ ದೂರದ ವಿಲೋಮದಲ್ಲಿ ಇಳಿಯುತ್ತದೆ. ತೂತುಗಳ ಅಂತರ 10 ಮಿ.ಮೀ., ಮುಂದಿನ ತೂತು ತುಟಿಯಿಂದ 6 ಮಿ.ಮೀ. ಎಂದಿಟ್ಟುಕೊಳ್ಳಿ. 1/6 ಕಳೆ 1/16, ಅಂದರೆ 0.104. ಬೂಮ್ (ಮೈಕು ಹಿಡಿದ ಕಡ್ಡಿ) ಜಾರಿ 50 ಮಿ.ಮೀ.ಗೆ ಹೋದರೆ 1/50 ಕಳೆ 1/60, ಅಂದರೆ 0.0033. ಮಾತು 31 ಪಟ್ಟು ಕುಗ್ಗಿತು! ಒಂದೇ ತೂತಿನ ಸಾದಾ ಮೈಕಾದರೆ ಬರೀ 8 ಪಟ್ಟು. ಹಾಗಾಗಿ ಈ ಮೈಕು ತುಟಿಗೆ ತಾಗುವಷ್ಟು ಹತ್ತಿರ ಇರಲೇಬೇಕು, ಬೂಮ್ ಗಟ್ಟಿಯಾಗಿ ನಿಲ್ಲಬೇಕು. ಗೇನ್ (ಮೈಕಿನ ಸಿಗ್ನಲ್ ಹಿಗ್ಗಿಸುವ ಮಟ್ಟ) ಏರಿಸಿದರೆ ಪ್ರಯೋಜನವಿಲ್ಲ, ಇಂಜಿನ್ನೂ ಜೊತೆಗೇ ಏರುತ್ತದೆ.

ಎರಡು ಸಾದಾ ಕ್ಯಾಪ್ಸೂಲ್ (ಮೈಕಿನ ಒಳಗಿನ ಬಿಲ್ಲೆ) ತಂದು ಉಲ್ಟಾ ಜೋಡಿಸಿದರೂ ಆಗುತ್ತದಲ್ಲ ಎನ್ನಿಸಬಹುದು. ಎರಡರ ಸಂವೇದನೆಯಲ್ಲಿ 3 ಡೆಸಿಬೆಲ್ ವ್ಯತ್ಯಾಸವಿದ್ದರೆ ಸದ್ದಿನ ಸುಮಾರು 30% ಉಳಿದೇ ಉಳಿಯುತ್ತದೆ. ಎರಡು ತೂತಿನ ಒಂದೇ ಕ್ಯಾಪ್ಸೂಲ್ ಕೊಳ್ಳುವುದೇ ಲೇಸು. ಕಳೆಯುವ ಈ ಆಟ 100 ಹರ್ಟ್ಸ್ ಗುಡುಗುಡು ಸದ್ದಿಗೆ ಚೆನ್ನಾಗಿ ನಡೆಯುತ್ತದೆ. 3 ಕಿಲೊಹರ್ಟ್ಸ್ ಕೀರಲಿಗೆ ಅಷ್ಟಕ್ಕಷ್ಟೇ, ಅಲ್ಲಿ ಅಲೆಯ ಉದ್ದವೇ 11 ಸೆಂ.ಮೀ.

ಕ್ಯಾಪ್ಸೂಲ್ ನಂತರ, ಎಡಿಸಿಗೆ (ಸಿಗ್ನಲನ್ನು ಅಂಕಿಗಳಾಗಿಸುವ ಚಿಪ್ ಭಾಗ) ಮೊದಲು 47 ನ್ಯಾನೊಫ್ಯಾರಡ್ ಕೆಪಾಸಿಟರ್, 10 ಕಿಲೊಓಮ್ ರೆಸಿಸ್ಟರ್‌ನ ಹೈಪಾಸ್ ಫಿಲ್ಟರ್ ಹಾಕಿ, ಸುಮಾರು 340 ಹರ್ಟ್ಸ್‌ಗಿಂತ ಕೆಳಗಿನ ಸದ್ದನ್ನು ಕುಗ್ಗಿಸುತ್ತದೆ. ಎಡಿಸಿಯಲ್ಲಿ ಒಮ್ಮೆ ಕ್ಲಿಪ್ ಆದದ್ದನ್ನು (ಮಿತಿ ಮೀರಿ ತುದಿ ಕತ್ತರಿಸಿಹೋದದ್ದನ್ನು) ಆಮೇಲೆ ಸಾಫ್ಟ್‌ವೇರ್ ಸರಿಮಾಡಲಾರದು.

ರೇಡಿಯೊ ಭಾಗ ಸುಲಭ. ಎನ್‌ಆರ್‌ಎಫ್24ಎಲ್01 ಎಂಬ ರೇಡಿಯೊ ಮಾಡ್ಯೂಲಿನ ಒಂದು ಪ್ಯಾಕೆಟ್ಟಿಗೆ 32 ಬೈಟ್: ಒಂದು ಕ್ರಮಸಂಖ್ಯೆಗೆ, 31 ಧ್ವನಿಗೆ. ಸೆಕೆಂಡಿಗೆ 8000 ಬೈಟಿನಂತೆ ಅದು 3.9 ಮಿಲಿಸೆಕೆಂಡಿನ ಮಾತು. 2 ಮೆಗಾಬಿಟ್ ವೇಗದಲ್ಲಿ ಕಳಿಸಲು ಸುಮಾರು 0.3 ಮಿಲಿಸೆಕೆಂಡ್ ಸಾಕು, ನಾಲ್ವರಿಗೂ ಸರದಿ ಕೊಟ್ಟು ಇನ್ನೂ ಜಾಗ ಮಿಗುತ್ತದೆ. ಆಟೊ ಅಕ್ನಾಲೆಜ್ (ಪ್ಯಾಕೆಟ್ ಮುಟ್ಟಿತೆಂದು ತಾನಾಗಿ ಮರುತ್ತರಿಸುವುದು) ಆಫ್ ಇರಲಿ. ಮಾಡ್ಯೂಲಿನ ವಿದ್ಯುತ್ ಕಾಲುಗಳ ಬುಡದಲ್ಲೇ 10 ಮೈಕ್ರೊಫ್ಯಾರಡ್ ಕೆಪಾಸಿಟರ್ ಬೆಸುಗೆ ಹಾಕಿ, ಇಲ್ಲದಿದ್ದರೆ ಪ್ಯಾಕೆಟ್‌ಗಳು ಸುಮ್ಮಸುಮ್ಮನೆ ಕಳೆದುಹೋಗುತ್ತವೆ. 2.4 ಗಿಗಾಹರ್ಟ್ಸನ್ನು ಮೈ ನುಂಗುತ್ತದೆ, ಆಂಟೆನಾ ಸೊಂಟದಲ್ಲಿ ಬೇಡ, ತಲೆಪಟ್ಟಿಯ ಮೇಲೆ ಇರಲಿ.

ಕಲಾಸಿಗಳ ಎರಡೂ ಕೈ ಹಗ್ಗದ ಮೇಲಿರುತ್ತವೆ, ಬಟನ್ ಒತ್ತಲಾಗದು. ಹಾಗೆಂದು ಮೈಕು ಸದಾ ತೆರೆದಿಟ್ಟರೆ ಮೂವರ ಗದ್ದಲ ಸೇರಿ ನಾಲ್ಕನೆಯವರ ಕಿವಿಗೆ ಒಂದೇ ಮೈಕಿನ ಗದ್ದಲಕ್ಕಿಂತ ಸುಮಾರು 5 ಡೆಸಿಬೆಲ್ ಹೆಚ್ಚುತ್ತದೆ. ಮಾತಿಗೆ ಮಾತ್ರ ತೆರೆಯುವ ವಾಕ್ಸ್ ಬೇಕು, ಅದರ ಮಿತಿಯನ್ನು ಇಂಜಿನ್ ಓಡುತ್ತಿರುವಾಗಲೇ ಹೊಂದಿಸಿ.

ಇಂಜಿನ್ ಓಡುತ್ತಿರುವಾಗಲೇ ಮೈಕಿನ ಹಿಂದಿನ ತೂತನ್ನು ಬೆರಳಿನಿಂದ ಮುಚ್ಚಿ ನೋಡಿ. ಗುಡುಗುಡು ಒಮ್ಮೆಲೇ ಏರಬೇಕು. ಏರಲಿಲ್ಲವೆಂದರೆ ತೂತು ಮೊದಲೇ ಕಟ್ಟಿದೆ: ಅಂಟಿನಿಂದ, ಸ್ಪಂಜಿನಿಂದ, ಇಲ್ಲವೇ ಒಣಗಿದ ಉಪ್ಪಿನಿಂದ.