ಹೋತಕ್ಕೆ ಪಟ್ಟ ಕಟ್ಟುವ ಊರು

ಬೆಟ್ಟದಿಂದ ಹಿಡಿದು ತಂದ ಕಾಡು ಹೋತ. ದೊಡ್ಡ ಕೊಂಬು, ಉದ್ದ ಗಡ್ಡ. ಅದಕ್ಕೆ ಕಿರೀಟ ತೊಡಿಸುವವಳು ಊರಿನ ಪ್ರೈಮರಿ ಶಾಲೆಯ ಹುಡುಗಿ. ಜಾತ್ರೆ ಮುಗಿಯುವ ತನಕ ಹೋತ ರಾಜ, ಅವಳು ರಾಣಿ. ಪಟ್ಟ ಕಟ್ಟಿದ ಮೇಲೆ ರಾಜನನ್ನು ಪಂಜರದ ಸಮೇತ ಎತ್ತರದ ಅಟ್ಟಣಿಗೆಗೆ ಏರಿಸುತ್ತಾರೆ. ಕೆಳಗೆ ಕಾಲಿಡಲು ಜಾಗವಿಲ್ಲದಷ್ಟು ಜನ.

ಐರ್ಲೆಂಡಿನ ಕೆರಿ ಕೌಂಟಿಯಲ್ಲಿ, ಲಾನ್ ನದಿಯ ದಂಡೆ ಮೇಲಿರುವ ಪುಟ್ಟ ಊರು ಕಿಲ್ಲಾರ್ಗ್ಲಿನ್. ಪ್ರತಿ ವರ್ಷ ಆಗಸ್ಟ್ 10ರಿಂದ 12ರವರೆಗೆ ಅಲ್ಲಿ ಪಕ್ ಫೇರ್ ಎಂಬ ಈ ಜಾತ್ರೆ ನಡೆಯುತ್ತದೆ. ಐರಿಷ್ ಭಾಷೆಯಲ್ಲಿ ಹೋತಕ್ಕೆ ‘ಪಾಕ್’ ಅನ್ನುತ್ತಾರೆ, ಹೆಸರು ಬಂದದ್ದು ಅಲ್ಲಿಂದ.

ಕೊರೊನಾದಿಂದ 2020 ಮತ್ತು 2021ರಲ್ಲಿ ಜಾತ್ರೆ ನಡೆಯಲಿಲ್ಲ. 2022ರಲ್ಲಿ ಮತ್ತೆ ಶುರುವಾಯಿತು. ಆದರೆ ಆ ವಾರ ಐರ್ಲೆಂಡಿನಲ್ಲಿ ಬಿಸಿಲು ಜೋರಾಗಿತ್ತು. ಅಷ್ಟು ಎತ್ತರದಲ್ಲಿ, ಆ ಸೆಕೆಯಲ್ಲಿ ಒಂದು ಕಾಡುಪ್ರಾಣಿಯನ್ನು ಇಡುವುದು ಸರಿಯಾ ಅಂತ ದೇಶದ ತುಂಬ ಗದ್ದಲವೆದ್ದಿತು. ಕೊನೆಗೆ ಹೋತವನ್ನು ಕೆಳಗಿಳಿಸಿದರು. ಆಮೇಲಿನ ವರ್ಷಗಳಲ್ಲಿ ಅದು ಮೇಲಿರುವ ಹೊತ್ತನ್ನೇ ಕಡಿಮೆ ಮಾಡಿದರು.

‘ನಮ್ಮ ಸಂಪ್ರದಾಯಕ್ಕೆ ಕೈ ಹಾಕಬೇಡಿ’ ಅನ್ನುವ ಮಾತು ಇಂಥ ಕಡೆ ಬಂದೇ ಬರುತ್ತದೆ. ಸರಿ, ಆ ಸಂಪ್ರದಾಯ ಎಷ್ಟು ಹಳೆಯದು? ಇಲ್ಲೇ ಇರೋದು ಮಜಾ.

ಕೈಗೆ ಸಿಗುವ ಕಾಗದ 1613ರದು. ಇಂಗ್ಲೆಂಡಿನ ದೊರೆ ಒಂದನೇ ಜೇಮ್ಸ್, ಜೆಂಕಿನ್ ಕಾನ್ವೇ ಎಂಬ ಜಮೀನುದಾರನಿಗೆ ಈ ಊರಲ್ಲಿ ಸಂತೆ ನಡೆಸಲು ಸನದು ಕೊಟ್ಟ. ಆಗ ಅದು ಆಗಸ್ಟ್ ಮೊದಲ ದಿನದ, ಸುಗ್ಗಿ ಶುರುವಿನ ಸಂತೆ. 1752ರಲ್ಲಿ ಬ್ರಿಟಿಷ್ ಆಡಳಿತ ಹೊಸ ಕ್ಯಾಲೆಂಡರಿಗೆ ಬದಲಾಗುವಾಗ 11 ದಿನಗಳನ್ನು ಸುಮ್ನೆ ಹಾರಿಸಿಬಿಟ್ಟಿತು. ಜನ ಹಳೇ ಲೆಕ್ಕ ಬಿಡಲಿಲ್ಲ. ಹಳೇ ಲೆಕ್ಕದ ಆಗಸ್ಟ್ 1 ಹೊಸ ಕ್ಯಾಲೆಂಡರಿನಲ್ಲಿ 12 ಆಯಿತು, ಸಂತೆ ತಿಂಗಳ ನಡುವಿನತ್ತ ಜಾರಿತು.

ಹೋತ ಎಲ್ಲಿಂದ ಬಂತು ಅನ್ನುವುದಕ್ಕೆ ಊರಲ್ಲಿ ಒಂದಲ್ಲ, ಹಲವು ಕಥೆ. ಇಂಗ್ಲೆಂಡಿನ ಸೇನಾಪತಿ ಕ್ರಾಮ್‌ವೆಲ್‌ನ ಸೈನಿಕರು ಬೆಟ್ಟದ ತಪ್ಪಲನ್ನು ಲೂಟಿ ಮಾಡುವಾಗ ಒಂದು ಹೋತ ಹಿಂಡು ಬಿಟ್ಟು ಊರಿಗೆ ಓಡಿ ಬಂತಂತೆ. ಅದರ ಗಾಬರಿ ನೋಡಿ ಜನ ಎಚ್ಚೆತ್ತರಂತೆ. ಕ್ರಾಮ್‌ವೆಲ್ ಐರ್ಲೆಂಡಿಗೆ ಕಾಲಿಟ್ಟದ್ದು 1649ರಲ್ಲಿ. ಅಂದರೆ ಸನದು ಈ ಕಥೆಗಿಂತ ಹಳೆಯದು. ಸುಗ್ಗಿಯ ದೇವರು ಲೂಗ್‌ನ ಹಬ್ಬದ ಪಳೆಯುಳಿಕೆ ಇದು ಅನ್ನುವವರೂ ಇದ್ದಾರೆ.

ನನಗೆ ಇಷ್ಟವಾಗುವುದು ವಕೀಲರ ಕಥೆ. 1808ರಲ್ಲಿ ದನ, ಕುದುರೆ, ಕುರಿ ಸಂತೆಗೆ ಜಮೀನುದಾರ ಸುಂಕ ಎತ್ತುವಂತಿಲ್ಲ ಅಂತ ಆಜ್ಞೆಯಾಯಿತಂತೆ. ಜಮೀನುದಾರ ಕೆರಿಯವರೇ ಆದ ಡೇನಿಯಲ್ ಓಕಾನಲ್ ಬಳಿ ಓಡಿದ. ಮುಂದೆ ಐರಿಷ್ ರಾಜಕೀಯದಲ್ಲಿ ದೊಡ್ಡ ಹೆಸರಾದ ಓಕಾನಲ್ ಆಗಿನ್ನೂ ಯುವ ವಕೀಲ. ಆಜ್ಞೆಯಲ್ಲಿ ಆಡಿನ ಹೆಸರೇ ಇಲ್ಲವಲ್ಲ, ಹಾಗಾದರೆ ಇದು ಆಡಿನ ಸಂತೆ ಅಂತ ಅವರು ದಾರಿ ತೋರಿಸಿದರು. ಸಾಕ್ಷಿಗೆ ಒಂದು ಹೋತವನ್ನು ಎಲ್ಲರಿಗೂ ಕಾಣುವಂತೆ ಮೇಲೆ ಏರಿಸಿದರು. ನಿಜವೋ ಸುಳ್ಳೋ, ಕಥೆಯಲ್ಲಿ ಸಂತೆ ವ್ಯಾಪಾರದ ವಾಸನೆ ಇದೆ, ಅಲ್ವಾ?

ವ್ಯಾಪಾರ ಈಗಲೂ ಇದೆ. ಮೊದಲ ದಿನ ಕುದುರೆ ಸಂತೆ, ಮರುದಿನ ದನದ ಸಂತೆ. ಮೂರೂ ದಿನಕ್ಕೆ ಹೆಸರಿದೆ: ಕೂಡುವ ದಿನ, ಜಾತ್ರೆ ದಿನ, ಚದುರುವ ದಿನ. ಪಬ್‌ಗಳು ಬೆಳಗಿನ ಜಾವ ಮೂರರವರೆಗೆ ತೆರೆದಿರುತ್ತವೆ. ಊರು ಹೋತವನ್ನು ಸುಲಭಕ್ಕೆ ಬಿಡದಿರುವುದಕ್ಕೆ ಇದೂ ಒಂದು ಕಾರಣ.

2013ರಲ್ಲಿ ಊರು ಸನದಿನ 400ನೇ ವರ್ಷವನ್ನು ಜೋರಾಗಿ ಆಚರಿಸಿತು. ಅದೇ ವರ್ಷ ಐರ್ಲೆಂಡಿನಲ್ಲಿ ಪ್ರಾಣಿಗಳ ಆರೋಗ್ಯ ಮತ್ತು ಕ್ಷೇಮದ ಹೊಸ ಕಾಯ್ದೆಯೂ ಬಂತು. 1808ರ ಕಥೆಯಲ್ಲಿ ಹೋತವನ್ನು ಅಟ್ಟಣಿಗೆಗೆ ಹತ್ತಿಸಿದ್ದು ಕಾನೂನಿನ ಒಂದು ಕಂಡಿ. ಈಗ ಇಳಿಸಿ ಅನ್ನುವವರು ಹಿಡಿದು ತೋರಿಸುವುದೂ ಕಾನೂನನ್ನೇ.

ಜಾತ್ರೆ ಮುಗಿದರೆ ರಾಜನನ್ನು ಮತ್ತೆ ಬೆಟ್ಟಕ್ಕೆ ಬಿಡುತ್ತಾರೆ. ಸೇತುವೆ ಹತ್ತಿರ ಇನ್ನೊಂದು ಹೋತ ಕಿರೀಟ ಹೊತ್ತು ವರ್ಷವಿಡೀ ನಿಂತಿರುತ್ತದೆ. ಅದು ಕಂಚಿನದು. ಅದರ ತಂಟೆಗೆ ಯಾರೂ ಹೋಗಿಲ್ಲ.